ಕವಳಿ: ಹೊಲದ ಬದುವಿಗೆ ಜೀವಂತ ಬೇಲಿ

ರಾಯಬಾಗ ತಾಲ್ಲೂಕಿನ ಮುಗಳಖೋಡ ಹಾಗೂ ಸುತ್ತಲಿನ ಗ್ರಾಮಗಳು ಕಡಿಮೆ ಮಳೆ ಬೀಳುವ ಬಯಲುಸೀಮೆಗೆ ಸೇರಿವೆ. ನೀರಾವರಿ ಹಾಗೂ ಕಬ್ಬಿನ ಬೇಸಾಯ ವಿಸ್ತರಿಸಿದಂತೆ ಬದುಗಳ ಮೇಲಿನ ಕುರುಚಲು ಗಿಡಗಳನ್ನು ತೆರವುಗೊಳಿಸಲಾಗುತ್ತಿದ್ದು, ಅವುಗಳನ್ನು ಅವಲಂಬಿಸಿದ ಪಕ್ಷಿಗಳ ನೆಲೆಯೂ ಇಲ್ಲವಾಗುತ್ತಿದೆ. ಈ ಕೊರತೆಯನ್ನು ನೀಗಿಸಲು ಕವಳಿ ಸೂಕ್ತ ಗಿಡವಾಗಿದೆ.

ಗಿಡದ ಪರಿಚಯ: ಕವಳಿಯನ್ನು ಕರಂಡೆ ಎಂದೂ, ಮರಾಠಿಯಲ್ಲಿ ಕರವಂದ ಎಂದೂ ಕರೆಯುತ್ತಾರೆ. ಸಸ್ಯಶಾಸ್ತ್ರೀಯ ಹೆಸರು ಕ್ಯಾರಿಸ್ಸ ಕರಂಡಾಸ್. ಇದು ಹಾಲಿನಂತಹ ಅಂಟು ಸೂಸುವ, ಜೋಡಿ ಮುಳ್ಳುಗಳುಳ್ಳ ನಿತ್ಯಹಸುರಿನ ಪೊದೆ. ಹೂವುಗಳು ಬಿಳಿಯಾಗಿದ್ದು ಸುವಾಸನೆಯಿಂದ ಕೂಡಿರುತ್ತವೆ. ಹಣ್ಣು ಮಾಗಿದಾಗ ಕಪ್ಪಾಗುತ್ತದೆ.

ಮಣ್ಣು: ಕಲ್ಲುಮಿಶ್ರಿತ ಮಸಾರಿ ಭೂಮಿಯಲ್ಲಿಯೂ ಬೆಳೆಯುತ್ತದೆ. ನೀರು ನಿಲ್ಲುವ ಕಪ್ಪು ಭೂಮಿ ಸೂಕ್ತವಲ್ಲ.

ಸಸಿ ತಯಾರಿಕೆ: ಬೀಜಗಳು ಮೊಳೆಯುವ ಶಕ್ತಿಯನ್ನು ಬೇಗನೆ ಕಳೆದುಕೊಳ್ಳುತ್ತವೆ. ಆದುದರಿಂದ ಮಾಗಿದ ಹಣ್ಣಿನಿಂದ ಬೀಜ ಬೇರ್ಪಡಿಸಿ, ತೊಳೆದು, ನೆರಳಿನಲ್ಲಿ ಆರಿಸಿ ತಡಮಾಡದೆ ಬಿತ್ತಬೇಕು. ಒಂದು ವರ್ಷದ ಸಸಿಗಳನ್ನು ಮುಂಗಾರಿನ ಆರಂಭದಲ್ಲಿ ನಾಟಿ ಮಾಡಬಹುದು.

ನಾಟಿ: ಬೇಲಿಗಾಗಿ 1 ಮೀಟರ್ ಅಂತರದಲ್ಲಿ ನೆಡಬೇಕು. ಇದರಂತೆ 100 ಮೀಟರ್ ಬದುವಿಗೆ ಸುಮಾರು 100 ಸಸಿಗಳು ಬೇಕಾಗುತ್ತವೆ. ಮೊದಲ ಬೇಸಿಗೆಯಲ್ಲಿ ನೀರು ಒದಗಿಸುವುದು ಅವಶ್ಯಕ. ಗಿಡ ದಟ್ಟವಾಗುವವರೆಗೆ ಆಡು, ಕುರಿಗಳಿಂದ ರಕ್ಷಿಸಲು ಮುಳ್ಳುಕಂಟಿ ಇಡಬೇಕು. ಬೇಲಿಯು ಮೊದಲ ವರ್ಷವೇ ಜಾನುವಾರುಗಳನ್ನು ತಡೆಯುತ್ತದೆಂದು ಭಾವಿಸಬಾರದು.

ಕೊಯ್ಲು ಮತ್ತು ಬಳಕೆ: ಬೀಜದಿಂದ ಬೆಳೆಸಿದ ಗಿಡಗಳು ಕೆಲವು ವರ್ಷಗಳ ನಂತರ ಫಲ ನೀಡುತ್ತವೆ. ಕಾಯಿಗಳಿಂದ ಉಪ್ಪಿನಕಾಯಿ ತಯಾರಿಸಬಹುದು. ಪೂರ್ಣ ಮಾಗದ ಹಣ್ಣಿನಲ್ಲಿ ಪೆಕ್ಟಿನ್ ಅಧಿಕವಾಗಿರುವುದರಿಂದ ಜೆಲ್ಲಿಗೆ ಉತ್ತಮ. ಮಾಗಿದ ಹಣ್ಣನ್ನು ಹಾಗೆಯೇ ತಿನ್ನಬಹುದು. ಕೊಯ್ಯುವಾಗ ಮುಳ್ಳು ಹಾಗೂ ಅಂಟಿನ ಬಗ್ಗೆ ಎಚ್ಚರ ವಹಿಸಬೇಕು.

ವನ್ಯಜೀವಿಗಳಿಗೆ ಉಪಯೋಗ: ಪಿಕಳಾರ ಮುಂತಾದ ಪಕ್ಷಿಗಳು ಹಣ್ಣನ್ನು ತಿಂದು ಬೀಜಗಳನ್ನು ಬೇರೆಡೆಗೆ ಸಾಗಿಸುತ್ತವೆ. ಮುಳ್ಳಿನ ಪೊದೆಯು ಸಣ್ಣ ಪಕ್ಷಿಗಳ ಗೂಡಿಗೂ, ನೆಲದ ಮೇಲೆ ವಾಸಿಸುವ ಗೌಜಲಹಕ್ಕಿಗಳ ಆಶ್ರಯಕ್ಕೂ ಅನುಕೂಲಕರ. ಪಕ್ಷಿಗಳು ಬೆಳೆಗೆ ಮಾರಕವಾದ ಕೀಟಗಳನ್ನೂ ತಿನ್ನುವುದರಿಂದ ರೈತರಿಗೆ ಪ್ರಯೋಜನವಿದೆ.

ಪಾಲಿಸಬೇಕಾದ ಅಂಶಗಳು:
1. ಎಲ್ಲ ಹಣ್ಣುಗಳನ್ನು ಕೊಯ್ಯದೆ ಗಿಡದ ಮೇಲ್ಭಾಗದವನ್ನು ಪಕ್ಷಿಗಳಿಗೆ ಬಿಡುವುದು.
2. ಕೊಯ್ಲಿನ ನಂತರವೇ ಸವರುವುದು. ಅದಕ್ಕೂ ಮುನ್ನ ಪೊದೆಯಲ್ಲಿ ಮೊಟ್ಟೆ, ಮರಿಗಳಿಲ್ಲವೆಂದು ಖಚಿತಪಡಿಸಿಕೊಳ್ಳುವುದು.
3. ಕಬ್ಬಿನ ರವದಿ ಸುಡುವ ಬದಲು ಹೊಲದಲ್ಲಿಯೇ ಹೊದಿಕೆಯಾಗಿ ಬಳಸುವುದು. ಬೆಂಕಿ ಬದುವಿಗೆ ತಗುಲಿದರೆ ವರ್ಷಗಳ ಶ್ರಮದಿಂದ ಬೆಳೆದ ಬೇಲಿ ನಾಶವಾಗುತ್ತದೆ.
4. ಈಗಾಗಲೇ ಇರುವ ಕವಳಿ ಪೊದೆಗಳನ್ನು ಕಡಿಯದೆ ಉಳಿಸಿಕೊಳ್ಳುವುದು.

ಹೆಚ್ಚಿನ ಮಾಹಿತಿಗಾಗಿ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿ ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.