ಒಣಗಬಾರದ ಜೋಡು

ಸಿಂಜ್ ಮಹಾಶಯನ ‘ರೈಡರ್ಸ್ ಟು ದಿ ಸೀ’ ನಾಟಕವನ್ನು ಕಾಲೇಜಿನಲ್ಲಿ ಓದಿದವರಿಗೆ ಕಾಲುಚೀಲದ ಪ್ರಸಂಗ ನೆನಪಿರಬಹುದು. ಕಡಲಲ್ಲಿ ಮುಳುಗಿ ಸತ್ತವನು ತಮ್ಮ ಸೋದರನೇ ಎಂದು ಅಕ್ಕತಂಗಿಯರಿಗೆ ಖಚಿತವಾಗುವುದು ಅವನ ಕಾಲುಚೀಲದ ಹೆಣಿಗೆಯನ್ನು ಎಣಿಸಿದಾಗ. ವಿದ್ಯಾರ್ಥಿದೆಸೆಯಲ್ಲಿ ನನಗೆ ಇದು ಬರಿಯ ನಾಟಕದ ಚಮತ್ಕಾರವೆನಿಸಿತ್ತು. ಅವನ ‘ದಿ ಅರಾನ್ ಐಲೆಂಡ್ಸ್’ (1907) ಓದಿದ ಮೇಲೆ ಆ ಅಭಿಪ್ರಾಯವನ್ನು ಬಿಟ್ಟೆ.

ಐರ್ಲೆಂಡಿನ ಪಡುವಣ ಕಡಲಿನ ಆ ದ್ವೀಪಗಳಿಗೆ ಸಿಂಜ್ ಮೊದಲು ಹೋದದ್ದು 1898ರಲ್ಲಿ. ಸುಣ್ಣಕಲ್ಲಿನ ಚೂಪು ಬಂಡೆಗಳ ಮೇಲೆ ಅವನ ಪಟ್ಟಣದ ಜೋಡು ಬಹುಬೇಗ ಹರಿಯಿತು. ಇಳಿದುಕೊಂಡಿದ್ದ ಮನೆಯವರು ‘ಪ್ಯಾಂಪೂಟಿ’ ಮಾಡಿಕೊಟ್ಟರು. ಹದಮಾಡದ ಹಸುವಿನ ತೊಗಲು, ಕೂದಲು ಹೊರಮುಖವಾಗಿ; ಬೆರಳುಗಳ ಮೇಲೂ ಹಿಮ್ಮಡಿಯ ಸುತ್ತಲೂ ಗಾಳದ ದಾರದ ಬಿಗಿತ. ಅಷ್ಟೆ! ನೆನೆದ ಚಪ್ಪಲಿಯನ್ನು ನಾವು ಬಿಸಿಲಿಗಿಡುತ್ತೇವೆ. ಅವರದು ಅದಕ್ಕೆ ವಿಪರೀತ. ಒಣಗಿದ ತೊಗಲು ಸೆಟೆದು ಕಾಲನ್ನೂ ಕಾಲುಚೀಲವನ್ನೂ ಕೊರೆಯುತ್ತಿದ್ದುದರಿಂದ ರಾತ್ರಿ ಜೋಡನ್ನು ನೀರಿನ ಬೋಗುಣಿಯಲ್ಲಿ ನೆನೆಹಾಕುವರು. ಹಗಲು ಗಂಡಸರು ಬೇಕೆಂದೇ ತೆರೆಯೊಳಗೆ ಕಾಲಿಡುವರು. ಮೊದಲು ಹಿಮ್ಮಡಿಯೂರಿ ನಡೆದು ನೋವುಂಡ ಸಿಂಜ್, ಕೆಲವು ಗಂಟೆಗಳಲ್ಲೇ ಬೆರಳುಗಳಿಂದ ಬಂಡೆಯನ್ನು ಹಿಡಿಯುವುದನ್ನು ಕಲಿತನಂತೆ.

ದಪ್ಪ ಬೂಟನ್ನು ಮೆಟ್ಟದ ಈ ಜನಕ್ಕೆ ಕಾಡುಪ್ರಾಣಿಯ ಚುರುಕುನಡೆ ಉಳಿದುಬಂದಿದೆಯೆಂದು ಅವನು ಮೆಚ್ಚಿಕೊಂಡ. ಮೆಚ್ಚಿಗೆಯೇನೋ ಪ್ರಾಮಾಣಿಕವೇ, ಆದರೆ ಅದು ಬೂಟು ಇದ್ದವನ ಮೆಚ್ಚಿಗೆಯೆಂಬುದನ್ನು ನಾನು ಮರೆಯಲಾರೆ. ಐರಿಷ್ ಹಳ್ಳಿಗಳ ಬರಿಗಾಲಿನ ಹಿಂದೆ ಬಡತನವೂ ಇತ್ತು. ಭಾನುವಾರ ಇಗರ್ಜಿಗೆ ಹೊರಟವರು ಜೋಡನ್ನು ಕೈಯಲ್ಲಿ ಹಿಡಿದು ಮೈಲಿಗಟ್ಟಲೆ ನಡೆದು, ಇಗರ್ಜಿ ಸಮೀಪಿಸಿದಾಗ ಮೆಟ್ಟಿಕೊಳ್ಳುತ್ತಿದ್ದುದುಂಟು. ಅಟ್ಟೆಯೂ ಸವೆಯಬಾರದು, ಮಾನವೂ ಹೋಗಬಾರದು!

1937ರಿಂದ ಅಲ್ಲಿಯ ಜಾನಪದ ಆಯೋಗವು ಸುಮಾರು 50,000 ಶಾಲಾಮಕ್ಕಳಿಂದ ಊರ ಹಿರಿಯರ ಮಾತುಗಳನ್ನು ಬರೆಯಿಸಿತು. ಅವರಿಗೆ ಕೊಟ್ಟ ವಿಷಯಗಳಲ್ಲಿ ಪಾದಗಳ ಆರೈಕೆಯೂ ಒಂದು. ಮೊದಲ ಬೂಟು ಎಷ್ಟನೆಯ ವಯಸ್ಸಿಗೆ, ಬರಿಗಾಲು ಯಾವ ತಿಂಗಳವರೆಗೆ, ಕಾಲು ತೊಳೆದ ನೀರನ್ನು ಏನು ಮಾಡುವುದು ಎಂಬಂಥ ಸಂಗತಿಗಳನ್ನು ಮಕ್ಕಳು ನೋಟುಪುಸ್ತಕಗಳಲ್ಲಿ ಬರೆದಿಟ್ಟರು. ರಾಜರ ಚರಿತ್ರೆ ಬರೆಯುವವರಿಗೆ ಈ ಪ್ರಶ್ನೆಗಳು ಹೊಳೆಯುವುದಿಲ್ಲ.

ಕಾಲು ತೊಳೆದ ನೀರನ್ನು ರಾತ್ರಿ ಮನೆಯೊಳಗೆ ಉಳಿಸಬಾರದೆಂಬುದು ಹಳೆಯ ನಂಬಿಕೆ. ಕವಿ ಆಸ್ಕರ್ ವೈಲ್ಡನ ತಾಯಿ 1887ರಲ್ಲಿ ಪ್ರಕಟಿಸಿದ ಕಥೆಯೊಂದರಲ್ಲಿ ಕೊಂಬಿನ ಮಾಟಗಾತಿಯರು ಬಾಗಿಲಾಚೆ ನಿಂತು ಆ ನೀರನ್ನೇ ಕೂಗಿ ಕದ ತೆರೆಯೆನ್ನುತ್ತಾರೆ. ಮನೆಯಾಕೆ ಮಗುವಿನ ಕಾಲು ತೊಳೆದ ನೀರನ್ನು ಆಗಲೇ ಹೊಸ್ತಿಲಿಗೆ ಚೆಲ್ಲಿದ್ದಾಳೆ. ತಾನು ನೆಲದ ಪಾಲಾಗಿದ್ದೇನೆ, ತೆರೆಯಲಾರೆ ಎನ್ನುತ್ತದೆ ನೀರು.