ಬಾಕಿ
ಕೊಡಬೇಕಾಗಿ ಉಳಿದ ಹಣ. ‘ಉಳಿದದ್ದು’ ಎಂಬರ್ಥದ ಅರಬ್ಬಿ ಪದ ಪಾರಸಿಯ ಮೂಲಕ, ಕಂದಾಯದ ಕಡತ ಹಿಡಿದು ಕನ್ನಡಕ್ಕೆ ಬಂತು. ಜಮಾ, ವಸೂಲಿ ಇದರ ಒಡನಾಡಿಗಳು. ‘ಬಾಕಿ ಚುಕ್ತಾ ಆತ್ರಿ’ ಎನ್ನುವ ಸಮೀರವಾಡಿಯ ಕಬ್ಬಿನ ಸೀಮೆಯಲ್ಲಿ ಮೊದಲು ನೆನಪಾಗುವುದು ಕಬ್ಬಿನ ಬಿಲ್ಲು: 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಒಪ್ಪಿಸಿ 14 ದಿನ ಮೀರಿದರೆ ವರ್ಷಕ್ಕೆ ಶೇ. 15 ಬಡ್ಡಿ. ಕಬ್ಬಿಗೆ ಹೀಗೆ ಕಾನೂನೇ ಗಡುವು ಹಾಕಿದರೆ, ಕಟ್ಟಡದ ಉಪಗುತ್ತಿಗೆದಾರನ ರನ್ನಿಂಗ್ ಬಿಲ್ಲಿಗೆ (ಕೆಲಸ ಸಾಗಿದಂತೆ ಕೊಡುವ ಕಂತಿನ ಬಿಲ್ಲಿಗೆ) ಗಡುವು ಹಾಕುವುದು ಹೆಚ್ಚಾಗಿ ಕರಾರುಪತ್ರವೇ. ಅಳತೆ ಪುಸ್ತಕಕ್ಕೇರಿದ ಕೆಲಸಕ್ಕೂ ಹಣ ಬಾರದಿದ್ದರೆ ಅವನ ದಾವೆ ಸಾಮಾನ್ಯವಾಗಿ ಮುಖ್ಯ ಗುತ್ತಿಗೆದಾರನ ಮೇಲೆ, ಕಟ್ಟಡದ ಮಾಲೀಕನ ಮೇಲಲ್ಲ. ಪಾವತಿಯ ದಿನ ಗೊತ್ತುಮಾಡಿರದಿದ್ದರೆ, ಕೆಲಸ ಮಾಡಿದಂದಿನಿಂದ 3 ವರ್ಷದೊಳಗೆ ಕೋರ್ಟಿನ ಮೆಟ್ಟಿಲು ಹತ್ತಬೇಕು. ಬರೀ ಬಾಯಿಮಾತಿನ ಭರವಸೆ ನಂಬಿ ಆ ಅವಧಿ ಕಳೆದುಕೊಳ್ಳಬೇಡಿ.