ಯಶಸ್ವಿನಿ ಮತ್ತು ನಮ್ಮೂರ ಹುಡುಗರು

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಸೊಸೈಟಿ ಅಂದರೆ ಬೆಳೆಸಾಲ, ಗೊಬ್ಬರ, ಅಡಿಕೆ ವಿಕ್ರಿ. ನಾವೂ ಹಾಗೇ ತಿಳಿದಿದ್ದೆವು. 2003ರ ಜೂನ್‌ನಲ್ಲಿ ಸಹಕಾರಿ ಸದಸ್ಯರಿಗಾಗಿ ರಾಜ್ಯ ಸರ್ಕಾರದ ‘ಯಶಸ್ವಿನಿ’ ಜಾರಿಗೆ ಬಂದ ಮೇಲೆ ಆಪರೇಶನ್ನಿನ ಖರ್ಚೂ ಸೊಸೈಟಿಯ ವಿಷಯವಾಯಿತು. ಇದರ ಹಿಂದಿದ್ದವರು ಡಾ. ದೇವಿ ಶೆಟ್ಟಿಯವರು. ತಲೆಗೆ ವರ್ಷಕ್ಕೆ 60 ರೂಪಾಯಿ. ಮೊದಲ ವರ್ಷವೇ ರಾಜ್ಯದಲ್ಲಿ ಸುಮಾರು 16 ಲಕ್ಷ ಜನ ಸೇರಿದರು.

ನಮ್ಮಲ್ಲಿ ಹಿರಿಯರು ತಾವಾಗಿ ಬಂದರು. ಹುಡುಗರದ್ದೇ ತಕರಾರು: “ನಂಗೆ ಎಂತ ಆಗ್ತದೆ ಮಾರಾಯ್ರೇ?” ಗಟ್ಟಿಮುಟ್ಟಾದವರ ದುಡ್ಡೂ ಸೇರಿದರೇನೇ ಕಾಯಿಲೆಯವರ ಬಿಲ್ಲು ತುಂಬುವುದು ಎಂದು ಮನೆಮನೆಗೆ ಹೋಗಿ ಹೇಳಬೇಕಾಯಿತು. ಅಪ್ಪನ ಷೇರಿನ ಮೇಲೆ ಮಕ್ಕಳೂ ಸೇರಬಹುದಿತ್ತು. ಆದರೆ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಹುಡುಗರ ಮನೆಯಲ್ಲಿ ಷೇರೇ ಇರಲಿಲ್ಲ! ಬಿದ್ದರೆ ಸೊಂಟ ಮುರಿಯುವುದು ಅವರದ್ದೇ. ಅವರನ್ನು ಸದಸ್ಯರಾಗಿಸುವುದಕ್ಕೆ ನಾವು ತಡಮಾಡಿದೆವು, ಒಪ್ಪಿಕೊಳ್ಳಬೇಕು.

2018ರಲ್ಲಿ ಯೋಜನೆಯನ್ನು ‘ಆರೋಗ್ಯ ಕರ್ನಾಟಕ’ದಲ್ಲಿ ವಿಲೀನ ಮಾಡಿದರು. ಅದರಲ್ಲಿ ಎಪಿಎಲ್ ಕಾರ್ಡಿನವರಿಗೆ ಸಿಕ್ಕಿದ್ದು ಪ್ಯಾಕೇಜ್ ದರದ ಶೇ. 30 ಮಾತ್ರ, ಸಣ್ಣ ತೋಟಿಗರು ಪರದಾಡಿದರು. 2023ರ ಜನವರಿಯಿಂದ ಯಶಸ್ವಿನಿ ಮತ್ತೆ ಶುರುವಾಯಿತು: ಹಳ್ಳಿಯ ನಾಲ್ವರ ಕುಟುಂಬಕ್ಕೆ 500 ರೂಪಾಯಿ, ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಈ ಸಲ ಅರ್ಜಿ ಹಿಡಿದು ನಾವು ಮೊದಲು ಹೋದದ್ದು ಕೊನೆ ಕೊಯ್ಯುವವರ ಕೇರಿಗೆ.